ಬೈದರೆ ಓಡುವ ಬೈಕು

"ಗುರುಗಳೇ, ತಪ್ಪಿತಸ್ಥನ ಮೇಲೆ ಸಿಟ್ಟಾಗುವುದು ತಪ್ಪೇ?"

ಕೇಳಿದವನು ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ. ಹಾಲು ಕಾಯಿಸುವ ಕಿರಿಯ ಶಿಷ್ಯನನ್ನು ಆಗಷ್ಟೇ ಹಿಗ್ಗಾಮುಗ್ಗಾ ಬೈದು, ಗಂಟುಮೂಟೆ ಕಟ್ಟು ಎಂದು ಹೇಳಿ ಬಂದಿದ್ದ. ಹಾಲು ಮತ್ತೆ ಒಡೆದಿತ್ತು. ಅಂದರೆ ಸಿಟ್ಟಾಗುವ ಕೆಲಸ ಮುಗಿದೇಹೋಗಿತ್ತು. ಈಗ ಅದಕ್ಕೊಂದು ಅಪ್ಪಣೆ ಬೇಕಾಗಿತ್ತು, ಅಷ್ಟೆ.

ಗುರುಗಳು ಕೂರು ಎಂದರು. ಕೂತ. ಅವರು ಕತೆ ಹೇಳಿದರು.

ಹಿಮ ಬೀಳುವ ಒಂದು ಬೆಟ್ಟದ ನಾಡಿನಲ್ಲಿ ಒಬ್ಬ ಕುರಿಗಾಹಿ ಇದ್ದ. ಅವನಿಗೊಬ್ಬ ತಮ್ಮ. ಇಬ್ಬರಿಗೂ ಸೇರಿ ಒಂದು ನಾಲ್ಕು ಚಕ್ರದ ಬೈಕು. ದೃಷ್ಟಾಂತದೊಳಗೆ ಬೈಕು ಎಲ್ಲಿಂದ ಬಂತು ಎಂದು ಶಿಷ್ಯ ಕೇಳಲಿಲ್ಲ. ನರಿ ಮಾತಾಡಿದರೆ ಒಪ್ಪುವವನು ಬೈಕು ಓಡಿದರೂ ಒಪ್ಪಬೇಕು.

ಕುರಿದೊಡ್ಡಿ ಬೆಟ್ಟದ ಮೇಲೆ, ಹುಲ್ಲಿನ ಬಣವೆ ಕೆಳಗೆ. ಕುರಿಗಳು ಈಯುವ ಕಾಲ, ಅವನ್ನು ಇಳಿಸುವಂತಿಲ್ಲ. ಹುಲ್ಲನ್ನೇ ಬೈಕಿಗೆ ಕಟ್ಟಿ ಮೇಲಕ್ಕೆ ಸಾಗಿಸಬೇಕು. ಹಿಮ ಬಿದ್ದು ದಾರಿ ಮುಚ್ಚುವುದರೊಳಗೆ ಹುಲ್ಲು ಮುಟ್ಟದಿದ್ದರೆ ಮಂದೆ ಉಳಿಯದು. ಮಂದೆ ಹೋದರೆ ಅಣ್ಣತಮ್ಮಂದಿರಿಗೆ ಉಳಿಯುವುದು ಕೈಯಲ್ಲಿನ ಕೋಲು ಮಾತ್ರ.

ಅಣ್ಣನಿಗೆ ಮೂಗಿನ ತುದಿಯಲ್ಲಿ ಸಿಟ್ಟು ಎಂದರೆ ಸುಳ್ಳಾದೀತು. ಅವನ ಮೂಗನ್ನೇ ಸಿಟ್ಟಿನಿಂದ ಮಾಡಿದ್ದರು. ಕಲ್ಲು ಎಡವಿದರೆ ಕಲ್ಲಿಗೆ ಬೈಯುತ್ತಿದ್ದ, ಆಮೇಲೆ ಕಲ್ಲು ಬಿದ್ದಿದ್ದ ಜಾಗಕ್ಕೆ, ಆಮೇಲೆ ಆ ಜಾಗದ ಒಡೆಯನ ವಂಶಕ್ಕೆ.

ಆ ಚಳಿಗಾಲ ಬೈಕು ಒಂದು ಹೊಸ ಚಾಳಿ ಕಲಿತಿತ್ತು. ಕಣಿವೆಯ ತಿರುವಿನಲ್ಲಿ, ಮಂಜು ಕವಿದು ಗಾಳಿಯೇ ಒದ್ದೆಯಾಗಿರುವ ಕಡೆ, ಕೆಮ್ಮಿ ಕೆಮ್ಮಿ ನಿಂತುಬಿಡುತ್ತಿತ್ತು. ಅಣ್ಣ ಇಳಿದು ಮೊದಲು ಬೈಕಿಗೆ ಬೈಯುತ್ತಿದ್ದ. ಆಮೇಲೆ ಅದನ್ನು ಮಾರಿದವನಿಗೆ. ಆಮೇಲೆ ಹಿಂದೆ ಹುಲ್ಲಿನ ಹೊರೆ ಹಿಡಿದು ಕೂತ ತಮ್ಮನಿಗೆ, ಸಾವಕಾಶವಾಗಿ, ಹುಟ್ಟಿದ ದಿನದಿಂದ ಶುರುಮಾಡಿ. ಬಾಯಿ ಒಣಗಿದ ಮೇಲೆ ಗಾಳಿಕೊಳವೆ ಕಿತ್ತು ಕಾರ್ಬುರೇಟರಿನೊಳಗೆ ಇಣುಕುತ್ತಿದ್ದ. ಗಾಳಿಯೂ ಪೆಟ್ರೋಲೂ ಕೂಡಿ ಎಂಜಿನ್ನಿಗೆ ಇಳಿಯುವ ಗಂಟಲು ಅದು. ಅಲ್ಲಿ ಏನೂ ಸಿಗುತ್ತಿರಲಿಲ್ಲ. ನಾಲ್ಕಾರು ಹನಿ ನೀರು ಇರುತ್ತಿತ್ತು, ಅಷ್ಟೆ. ಕೊಳವೆ ಸಿಕ್ಕಿಸಿ ಕೀಲಿ ತಿರುಗಿಸಿದರೆ ಬೈಕು ಏನೂ ಆಗದವರ ಹಾಗೆ ಹೊರಡುತ್ತಿತ್ತು.

ಇದು ಚಳಿಯ ಕಾಟ ಇರಬಹುದೇ ಎಂದು ಅಣ್ಣ ಯೋಚಿಸದೆ ಇರಲಿಲ್ಲ. ಆದರೆ ಉಗುಳಿದ್ದು ನೆಲ ಮುಟ್ಟುವುದರೊಳಗೆ ಹೆಪ್ಪುಗಟ್ಟುವ ಒಣ ಚಳಿಯ ದಿನಗಳಲ್ಲಿ ಬೈಕು ಒಮ್ಮೆಯೂ ನಿಂತಿರಲಿಲ್ಲ. ಚಳಿ ಕಡಿಮೆಯಾಗಿ ಮಂಜು ಇಳಿದ ದಿನವೇ ನಿಲ್ಲುತ್ತಿತ್ತು. ಮಂಜಿನ ದಿನ ಯಾರು ಏನು ಮಾಡಿದರೂ ಕಾಣುವುದಿಲ್ಲ. ಆದ್ದರಿಂದ ಯಾರೋ ಮಂಜಿನ ಮರೆಯಲ್ಲಿ ಪೆಟ್ರೋಲು ಕದ್ದು, ಆ ಜಾಗಕ್ಕೆ ನೀರು ತುಂಬುತ್ತಿದ್ದಾರೆ. ಕೆಳಗಿನ ಊರಿನಿಂದ ಪೆಟ್ರೋಲು ತರುವವನು ತಮ್ಮ. ಎಲ್ಲ ತಾಳೆಯಾಯಿತು. ಸಿಟ್ಟು ಬಂದವನಿಗೆ ಎಲ್ಲವೂ ತಾಳೆಯಾಗುತ್ತದೆ.

ಹಿಮ ಬೀಳುವ ಹಿಂದಿನ ದಿನ, ಕೊನೆಯ ಹೊರೆ ಹೊತ್ತು ಹೋಗುವಾಗ, ಬೈಕು ಅದೇ ತಿರುವಿನಲ್ಲಿ ನಿಂತಿತು. ಅಣ್ಣ ಪೂರ್ತಿ ಬೈದ. ಆಮೇಲೆ ಕಾರ್ಬುರೇಟರಿನೊಳಗೆ ಬೆರಳಾಡಿಸಿ, ಒದ್ದೆ ಬೆರಳನ್ನು ತಮ್ಮನ ಮೂಗಿನ ಹತ್ತಿರ ಹಿಡಿದ.

"ಇದೇನೋ ಇದು? ಪೆಟ್ರೋಲೋ, ನಿಮ್ಮತ್ತೆ ಮನೆ ಮಜ್ಜಿಗೆಯೋ?"

ತಮ್ಮ ಬೆರಳನ್ನು ನೋಡಿದ, ಅಣ್ಣನ ಮುಖ ನೋಡಿದ. "ಅಣ್ಣಾ, ನಾನು ನೋಡ್ತಾನೇ ಇದ್ದೀನಿ. ನೀನು ಬೈದು ಮುಗಿಸೋವರೆಗೂ ಇದು ಜಪ್ಪಯ್ಯ ಅಂದ್ರೂ ಹೊರಡಲ್ಲ. ಮುಗಿಸಿದ ಕೂಡಲೇ ಹೊರಡುತ್ತೆ. ಬೈಗುಳ ಕುಡಿದೇ ಓಡುತ್ತೋ ಏನೋ. ನಾನು ಇಷ್ಟು ವರ್ಷ ಓಡ್ತಿಲ್ವಾ, ಹಾಗೆ."

ಅಣ್ಣ ಅವನ ಕೆನ್ನೆಗೆ ಬಾರಿಸಿದ. ಕಳ್ಳ ಅಂದ, ಮನೆಹಾಳ ಅಂದ, ಮಂದೆಯಲ್ಲಿ ನಿನಗೆ ಪಾಲಿಲ್ಲ, ನಡಿ ಅಂದ. ತಮ್ಮ ಹೊರೆಯ ಹಗ್ಗವನ್ನು ಬಿಗಿಯಾಗಿದೆಯೇ ಎಂದು ಎಳೆದು ನೋಡಿ, ಕೈಬಿಟ್ಟು, ಮಂಜಿನೊಳಗೆ ಇಳಿದು ಹೋದ. ಅಣ್ಣ ಅವನ ಬೆನ್ನಿಗೆ ಬೈದ. ಬೆನ್ನು ಕಾಣದಾದ ಮೇಲೆ ಮಂಜಿಗೆ ಬೈದ.

ಬೈಕು ಹೊರಟಿತು. ಏರು ಮುಗಿಯಲು ಇನ್ನೂ ಅರ್ಧ ಇರುವಾಗ ಅದು ಮತ್ತೆ ಕೆಮ್ಮಿ ನಿಂತಿತು.

ಅಣ್ಣ ಇಳಿದ. ಬಾಯಿ ತೆರೆದ. ಹಿಂದಕ್ಕೆ ತಿರುಗಿದ. ಅಲ್ಲಿ ಹುಲ್ಲು ಮಾತ್ರ ಇತ್ತು. ಹುಲ್ಲಿಗೆ ಎಷ್ಟು ಹೊತ್ತು ಬೈಯಲಾದೀತು? ಮೇಲಿಂದ ಕುರಿಗಳ ಕೂಗು ಸಣ್ಣಗೆ ಕೇಳುತ್ತಿತ್ತು. ಬಾಯಿಗೆ ಕೆಲಸವಿಲ್ಲದೆ ಅವನ ಕೈಗೆ ಕೆಲಸ ಬಂತು. ಇಳಿದ ಕಾಲಲ್ಲೇ ಗಾಳಿಕೊಳವೆ ಕಿತ್ತು ಇಣುಕಿದ.

ಗಂಟಲ ತುಂಬ ಬಿಳಿಯ ಮಂಜುಗಡ್ಡೆ ಕಟ್ಟಿತ್ತು.

ಅವನು ನೋಡನೋಡುತ್ತಲೇ ಅದು ಎಂಜಿನ್ನಿನ ಬಿಸಿಗೆ ಕರಗಿ ನಾಲ್ಕಾರು ಹನಿಯಾಯಿತು. ಪೆಟ್ರೋಲು ಆವಿಯಾಗುತ್ತ ಗಂಟಲನ್ನು ತಣ್ಣಗಾಗಿಸುತ್ತಿತ್ತು. ಒದ್ದೆ ಗಾಳಿಯಲ್ಲಿದ್ದ ನೀರು ಅಲ್ಲೇ ಗಟ್ಟಿಯಾಗಿ ಬೈಕಿನ ಉಸಿರು ಕಟ್ಟುತ್ತಿತ್ತು. ಒಣ ಚಳಿಯ ಗಾಳಿಯಲ್ಲಿ ನೀರೇ ಇಲ್ಲ, ಕಟ್ಟುವುದೇನು? ಪ್ರತಿ ಸಲವೂ ಹೀಗೇ ಆಗಿತ್ತು. ಪ್ರತಿ ಸಲವೂ ಅವನು ಬೈಯುತ್ತಿದ್ದಷ್ಟು ಹೊತ್ತಿನಲ್ಲಿ ಸಾಕ್ಷಿ ಕರಗಿಹೋಗಿತ್ತು.

ಗಂಟಲಿನಿಂದ ಒಂದು ಗೇಣು ಕೆಳಗೆ ಸೈಲೆನ್ಸರು, ಮುಟ್ಟಿದರೆ ಚರ್ಮ ಸುಲಿಯುವಷ್ಟು ಬಿಸಿ. ನಡುವೆ ಖಾಲಿ ಬೋಲ್ಟಿನ ತೂತುಗಳು. ಅಲ್ಲಿ ಮೊದಲು ಒಂದು ತಗಡು ಇತ್ತು. ಸೈಲೆನ್ಸರಿನ ಬಿಸಿಯನ್ನು ತಡೆದು ಗಾಳಿಕೊಳವೆಯ ಬಾಯಿಗೆ ತಿರುಗಿಸುತ್ತಿತ್ತು. ಬೇಸಿಗೆಯಲ್ಲಿ ಅದು ಗಡಗಡ ಅಂದದ್ದಕ್ಕೆ ಸಿಟ್ಟು ಬಂದು ಅಣ್ಣನೇ ಕಿತ್ತು ಕಮರಿಗೆ ಎಸೆದಿದ್ದ. ಬೇಡ ಅಂದ ತಮ್ಮನಿಗೆ ಆವತ್ತೂ ಬೈಗುಳ ಬಿದ್ದಿತ್ತು.

ಅಣ್ಣ ಬುತ್ತಿ ಡಬ್ಬಿಯ ಮುಚ್ಚಳವನ್ನು ಕಲ್ಲಿನಿಂದ ಜಜ್ಜಿ ಬಾಗಿಸಿ, ತಂತಿ ಸುತ್ತಿ ಆ ಜಾಗದಲ್ಲಿ ಕಟ್ಟಿದ. ಕೀಲಿ ತಿರುಗಿಸಿ, ಕೊಳವೆಯ ಬಾಯಿ ಬೆಚ್ಚಗಾಗುವವರೆಗೆ ಬೈಕನ್ನು ನಿಂತಲ್ಲೇ ಓಡಲು ಬಿಟ್ಟ. ಆಮೇಲೆ ಹತ್ತಿದ. ಮಂಜು ಹಾಗೇ ಇತ್ತು. ಬೈಕು ಕೆಮ್ಮಲಿಲ್ಲ.

ಹುಲ್ಲು ಮುಟ್ಟಿತು. ತಡವಾದದ್ದಕ್ಕೆ ಒಂದು ಮರಿ ಸತ್ತಿತ್ತು, ಮಂದೆ ಉಳಿಯಿತು. ಅಣ್ಣ ಕೆಳಗಿಳಿದ ಬೆನ್ನಿಗೇ ಹಿಮ ಬಿದ್ದು ಬೈಕಿನ ದಾರಿ ಮುಚ್ಚಿತು, ಇನ್ನು ಮಂದೆ ನೋಡಲು ನಡೆದೇ ಹತ್ತಬೇಕು. ಮನೆಯಲ್ಲಿ ತಮ್ಮ ಇರಲಿಲ್ಲ. ಕೆಳಗಿನ ಊರಿನಲ್ಲಿ ಯಾರದೋ ಕುರಿ ಕಾಯಲು ನಿಂತಿದ್ದಾನೆ ಎಂದು ಅವರಿವರು ಹೇಳಿದರು. ಗಂಜಿ ಬೇಯಿಸಿ, ಎರಡು ತಟ್ಟೆ ತೆಗೆದು, ಒಂದನ್ನು ವಾಪಸು ಇಟ್ಟು, ಅಣ್ಣ ಇಡೀ ಚಳಿಗಾಲ ಒಬ್ಬನೇ ಉಂಡ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಕತೆ ತನ್ನ ಕಡೆಗೇ ಬರುತ್ತಿದೆ ಎಂದು ತಿಳಿಯದಷ್ಟು ದಡ್ಡನಲ್ಲ ಶಿಷ್ಯ. ತಪ್ಪಿಸಿಕೊಳ್ಳಲು ಒಂದು ದಾರಿ ಹುಡುಕಿದ. "ಆದರೂ ಗುರುಗಳೇ, ನಿಜ ತಿಳಿಯಿತಲ್ಲ. ಹಿಮ ಕರಗಿದ ಮೇಲೆ ಅಣ್ಣ ಹೋಗಿ ತಮ್ಮನನ್ನು ಕರೆದಿರಬೇಕು?"

"ಹೋದ," ಎಂದರು ಗುರುಗಳು, "ಬಾಗಿಲಲ್ಲಿ ತಮ್ಮನ ಮುಖ ಕಂಡವನೇ, ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆಯೋ ಎಂದು ಬೈಯಲು ಶುರುಮಾಡಿದ."