ಬುದ್ಧಿಯವರು ‘ಸಾಕು’ ಅಂದರು

ಹೊಳೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲೊಬ್ಬ ಮುದಿ ಗುರು. ಆ ಸೀಮೆಯ ಜನ ಗುರುಗಳನ್ನು ಕರೆಯುವುದೇ ‘ಬುದ್ಧಿ’ ಎಂದು. ಇವರಿಗಂತೂ ಆ ಹೆಸರು ಒಪ್ಪುತ್ತಿತ್ತು.

ಶಿಷ್ಯನ ಹೆಸರು ಸಿದ್ಧಮಲ್ಲ. ವಯಸ್ಸು ಮೂವತ್ತರ ಹತ್ತಿರ. ಸಂಸ್ಕೃತ ಕಾಲೇಜಿನಲ್ಲಿ ಓದಿ ಬಂದವನು. ಬಂದ ದಿನದಿಂದ ಅವನದು ಒಂದೇ ಬೇಡಿಕೆ, ಗುರುಗಳು ತನ್ನ ಕಿವಿಯಲ್ಲಿ ಉಪದೇಶದ ಮಾತು ಹೇಳಬೇಕು. ಬುದ್ಧಿಯವರು ಮಾತಿನ ಬದಲು ಅವನ ಕೈಗೆ ಸೌಟು ಕೊಟ್ಟಿದ್ದರು. ಅದಾಗಿ ಎರಡು ವರ್ಷ.

ದಿನಾ ಮಧ್ಯಾಹ್ನ ಮಠದಲ್ಲಿ ದಾಸೋಹ. ಬಂದವರಿಗೆಲ್ಲ ಊಟ. ಬಡಿಸುವವನಿಗೆ ಒಂದೇ ಕಟ್ಟಳೆ: ಉಣ್ಣುವವರು ಎಲೆಗೆ ಕೈ ಅಡ್ಡ ಹಿಡಿದು ‘ಸಾಕು’ ಅನ್ನುವ ತನಕ ಬಡಿಸಬೇಕು, ಅಂದ ಮೇಲೆ ಒಂದು ಅಗುಳೂ ಹಾಕಬಾರದು.

ಸಿದ್ಧಮಲ್ಲ ಈ ಕಟ್ಟಳೆಯನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದ. ಅದಕ್ಕೆ ಸ್ವಲ್ಪ ಜಂಬವೂ ಪಡುತ್ತಿದ್ದ.

ಒಂದು ದಿನ ಮೊದಲ ಪಂಕ್ತಿ ಎದ್ದ ಮೇಲೆ ಎಂಜಲೆಲೆ ಹಾಕಲು ಹೋದಾಗ, ಎಲೆಗುಂಡಿಯಲ್ಲಿ ಒಂದು ನಾಯಿಮರಿ ಕಂಡಿತು. ಎರಡನೆಯ ಪಂಕ್ತಿಯಲ್ಲಿ ಬುದ್ಧಿಯವರು ಊಟಕ್ಕೆ ಕೂತಿದ್ದರು. ಅವನು ಪಾಯಸದ ಗುಂಡಾ ಹಿಡಿದುಕೊಂಡೇ ವಿಷಯ ತೆಗೆದ.

“ಬುದ್ಧಿ, ಎಲೆಗುಂಡೀಲಿ ಒಂದು ಹೆಣ್ಣು ನಾಯಿಮರಿ ಬಿದ್ದದೆ. ತಾಯಿ ಸುಳಿವಿಲ್ಲ. ಪಕ್ಕೆಲುಬು ಎಣಿಸಬೌದು, ಹಂಗಾಗದೆ. ಏನ್ ಮಾಡ್ಲಿ?”

ಬುದ್ಧಿಯವರು ತಲೆಯೆತ್ತಿ ಅವನನ್ನು ನೋಡಿದರು.

“ಸಾಕು,” ಅಂದರು.

ಸಿದ್ಧಮಲ್ಲ ತಕ್ಷಣ ಸೌಟು ಹಿಂದಕ್ಕೆ ತೆಗೆದು, ಗುಂಡಾ ಎತ್ತಿಕೊಂಡು ಮುಂದಿನ ಎಲೆಗೆ ಹೋದ.

ಇಳಿಹೊತ್ತಿನಲ್ಲಿ ಬುದ್ಧಿಯವರು ಕೇಳಿದರು.

“ಮರಿ ಎಲ್ಲಪ್ಪಾ?”

“ಗುಂಡೀಲೇ ಅದೆ ಬುದ್ಧಿ. ನೀವು ಏನೂ ಹೇಳಲಿಲ್ಲವಲ್ಲ.”

“ಹೇಳಿದ್ನಲ್ಲ. ಸಾಕು ಅಂದೆ.”

“ಅದು ಪಾಯಸಕ್ಕೆ...”

“ಪಾಯಸ ಇನ್ನೊಂದ್ ಸೌಟು ಬೇಕಾಗಿತ್ತು ಕಣಪ್ಪ. ನೀನು ಗುಂಡಾನೇ ಎತ್ಕೊಂಡು ಹೋದೆ. ನಾನು ಸಾಕು ಅಂದಿದ್ದು ಮರೀನ.”

ಸಿದ್ಧಮಲ್ಲ ನಾಲಿಗೆ ಕಚ್ಚಿಕೊಂಡು ಗುಂಡಿಯ ಕಡೆ ಓಡಿದ. ಮರಿ ಇನ್ನೂ ಇತ್ತು. ಎತ್ತಿಕೊಂಡರೆ ಒಣಗಿದ ವಲ್ಲಿಬಟ್ಟೆ ಎತ್ತಿದಷ್ಟು ಹಗುರ.

ಬುದ್ಧಿಯವರು ಉಗ್ರಾಣದಿಂದ ತಕ್ಕಡಿ ತರಿಸಿದರು. ಅಲ್ಲೇ ತೊಲೆಗೆ ಕಟ್ಟಿದ್ದ ಬೂದುಗುಂಬಳವನ್ನು ಇಳಿಸಿ ಒಂದು ತಟ್ಟೆಯಲ್ಲಿ ಇಟ್ಟರು. ಇನ್ನೊಂದಕ್ಕೆ ಮರಿ. ಮರಿಯ ತಟ್ಟೆ ಸರ್‍ರನೆ ಮೇಲಕ್ಕೆ ಹೋಯಿತು. ಅದು ಅಷ್ಟೆತ್ತರದಿಂದ ಕೆಳಗೆ ನೋಡಿ ಕುಂಯ್ ಅಂದಿತು.

“ಇದು ಈ ಕುಂಬಳದ ಸಮ ತೂಗಿದ ದಿನ, ನೀನು ಕೇಳ್ತಿದ್ದೀಯಲ್ಲ, ಆ ಮಾತು ಹೇಳ್ತೀನಿ,” ಅಂದರು.

ಎರಡು ವರ್ಷ ಕಾದವನಿಗೆ ಇಷ್ಟು ಸುಲಭದಲ್ಲಿ ಮಾತು ಸಿಗುತ್ತದೆಂದು ಸಿದ್ಧಮಲ್ಲನಿಗೆ ಹಿಡಿಸಲಾರದ ಖುಷಿ. ಬಡಿಸುವುದರಲ್ಲಿ ಅವನನ್ನು ಮೀರಿಸುವವರು ಯಾರು?

ಮರಿಯನ್ನು ಜಗಲಿಯ ಮೇಲೆ ಕೂರಿಸಿದ. ಮುಂದೆ ಒಂದು ಎಲೆಯನ್ನೂ ಹಾಕಿದ. ಹಾಲನ್ನ ಬಡಿಸಿದ. ಮರಿ ಎಲೆ ನೆಕ್ಕಿತು. ಮತ್ತೆ ಬಡಿಸಿದ. ಮತ್ತೆ ನೆಕ್ಕಿತು. ಆರು ಸಲ ಬಡಿಸಿದರೂ ಮರಿ ಕೈ ಅಡ್ಡ ಹಿಡಿಯಲಿಲ್ಲ. ಏಳನೆಯ ಸಲ ಎಲೆಯನ್ನೇ ಅಗಿಯತೊಡಗಿತು.

ಬೆಳಗ್ಗೆ ಎದ್ದು ನೋಡಿದರೆ ಜಗಲಿಯೆಲ್ಲ ವಾಂತಿ, ಭೇದಿ. ಮರಿ ಮಗ್ಗುಲಾಗಿ ಬಿದ್ದಿತ್ತು. ಕರೆದರೆ ಕಣ್ಣು ಮಾತ್ರ ಹೊರಳಿಸಿತು.

ಸಿದ್ಧಮಲ್ಲನಿಗೆ ಅಳು ಬಂತು. ಒಂದು ಮಾತಿನ ಆಸೆಗೆ ಒಂದು ಜೀವ ತೆಗೆದೆ ಅನ್ನಿಸಿತು.

ಅಷ್ಟರಲ್ಲಿ ಸಾಕಮ್ಮ ಬಂದಳು. ಮಠದ ಗೋಡೆಯಾಚೆ ಅವಳ ಮನೆ. ದಿನಾ ಮಠಕ್ಕೆ ಹಾಲು ಕೊಡುವವಳು, ಬೈಗುಳವನ್ನೂ ಹಾಲಿನ ಜೊತೆಗೇ ಅಳೆಯುವವಳು.

“ಎಷ್ಟ್ ಅನ್ನ ಹಾಕಿದ್ರಿ ಇದಕ್ಕೆ?”

“ಸಾಕು ಅನ್ನೋ ತಂಕ ಹಾಕಿದೆ ಕಣಮ್ಮ.”

“ಯಾರು ಅನ್ನೋ ತಂಕ?”

ಓದಿ ಬಂದವನು ಮರಿಯ ಮುಖ ನೋಡಿದ.

ಇಬ್ಬರೂ ಮರಿಯನ್ನು ವಲ್ಲಿಯಲ್ಲಿ ಸುತ್ತಿಕೊಂಡು ಹೋಬಳಿಯ ದನದ ಆಸ್ಪತ್ರೆಗೆ ನಡೆದರು. ಡಾಕ್ಟರು ಇನ್ನೂ ಬಂದಿರಲಿಲ್ಲ. ಬೆಂಚಿನ ಮೇಲೆ ಕೂತರು. ಮರಿಯ ಎದೆ ಪುಕಪುಕ ಅನ್ನುವುದು ಸಿದ್ಧಮಲ್ಲನ ಅಂಗೈಗೆ ತಿಳಿಯುತ್ತಿತ್ತು.

“ಬದುಕುತ್ತಾ ಸಾಕಮ್ಮ?”

“ನಾನು ಬದುಕ್ಲಿಲ್ವಾ?” ಅಂದಳು ಅವಳು. “ನಾನು ಐದ್ನೇ ಹೆಣ್ಣು. ಹುಟ್ಟುತ್ಲೇ ನಮ್ಮಪ್ಪ ನನ್ನ ನೋಡಿ, ‘ಸಾಕು’ ಅಂತ ಮಕ ತಿರುಗ್ಸಿಬುಟ್ಟ. ಅದೇ ಹೆಸ್ರಾಯ್ತು.”

“ಆಮೇಲೆ?”

“ಆಮೇಲೆ ಏನು. ನಮ್ಮಜ್ಜಿಗೆ ಕಿವಿ ಒಸಿ ಮಂದ. ಮಗ ‘ಸಾಕು’ ಅಂತ ನನಗೇ ಅಪ್ಪಣೆ ಕೊಟ್ಟವ್ನೆ ಅಂದ್ಕಂಡ್ಳು. ಸಾಕ್ಬುಟ್ಳು.”

ಸಿದ್ಧಮಲ್ಲ ಆ ಗಾಬರಿಯಲ್ಲೂ ನಕ್ಕುಬಿಟ್ಟ. ಸಾಕಮ್ಮನೂ ನಕ್ಕಳು.

ಡಾಕ್ಟರು ಬಂದು ಹೊಟ್ಟೆ ಅದುಮಿ ನೋಡಿದರು. ಮೈಯ ನೀರು ಬತ್ತದ ಹಾಗೆ ಚರ್ಮದಡಿ ಸೂಜಿಮದ್ದು ಹಾಕಿದರು. ಚೇತರಿಸಿಕೊಂಡ ಮೇಲೆ ಕೊಡಲು ಜಂತುಹುಳುವಿನ ಔಷಧಿ ಕೊಟ್ಟರು. ಹಾಲು ಸುರಿಯಬೇಡಿ, ಉಗುರುಬೆಚ್ಚಗಿನ ತೆಳು ಗಂಜಿ ಕೊಡಿ, ಒಂದೇ ಸಲ ತುಂಬಬೇಡಿ, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಐದಾರು ಸಲ ಅಂದರು. ಭೇದಿ ನಿಂತ ಮೇಲೆ ಬೇಯಿಸಿದ ಮೊಟ್ಟೆಯನ್ನೂ ಕೊಡಬೇಕಂತೆ.

ಮಾರನೆಯ ದಿನ ಮರಿ ಎದ್ದು ಕೂತು ನಾಲ್ಕು ಗುಟುಕು ಗಂಜಿ ಕುಡಿಯಿತು. ಅದನ್ನು ಬುದ್ಧಿಯವರಿಗೆ ಹೇಳಲು ಸಿದ್ಧಮಲ್ಲ ಬಂದಾಗ ಅವರು ಊಟದ ಎಲೆಯ ಮುಂದೆ ಕೂತಿದ್ದರು.

“ತಪ್ಪು ನಂದೇ ಅಲ್ಲ ಬುದ್ಧಿ. ಕಟ್ಟಳೆ ಪ್ರಕಾರ ಬಡಿಸಿದೆ. ಅದು ಸಾಕು ಅನ್ನಲೇ ಇಲ್ಲ.”

“ಹೌದಾ? ಸರಿ, ಬಡಿಸು.”

ಅವನು ಅನ್ನ ಬಡಿಸಿದ. ಬುದ್ಧಿಯವರು ಕೈ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತರು. ಇನ್ನೊಂದು ಸೌಟು ಬಡಿಸಿದ. ಸುಮ್ಮನೆ. ಮತ್ತೊಂದು, ಇನ್ನೂ ಒಂದು. ಅನ್ನ ಗುಡ್ಡೆಯಾಗಿ, ಎಲೆ ದಾಟಿ, ಬುದ್ಧಿಯವರ ಮೊಣಕಾಲು ಮುಟ್ಟಿತು. ಪಂಕ್ತಿಯವರೆಲ್ಲ ಉಣ್ಣುವುದು ಬಿಟ್ಟು ನೋಡತೊಡಗಿದರು.

“ಬುದ್ಧೀ! ಸಾಕು!” ಅಂದ ಸಿದ್ಧಮಲ್ಲ, ತಡೆಯಲಾರದೆ.

“ನೋಡು, ಬಡಿಸೋನೂ ಅನ್ನಬೌದು,” ಅಂದರು ಬುದ್ಧಿಯವರು. “ಎಲೇಲಿ ಬಿಡೋ ಹಂಗಿಲ್ಲ. ಬಾ, ಕೂತ್ಕೊ, ಇಬ್ರೂ ಖಾಲಿ ಮಾಡೋಣ.”

ಅವತ್ತು ಸಿದ್ಧಮಲ್ಲ ಉಂಡ ಅನ್ನವನ್ನು ಆ ಪಂಕ್ತಿಯವರು ಬಹಳ ದಿನ ನೆನಪಿಟ್ಟುಕೊಂಡಿದ್ದರು.

ಪೆಟ್ಟು ತಿಂದವನು ಈಗ ಇನ್ನೊಂದು ದಿಕ್ಕಿಗೆ ವಾಲಿದ. ಐದು ಚಮಚ ಗಂಜಿ, ಐದೇ. ಆರನೆಯದು ಇಲ್ಲ. ಮರಿ ಖಾಲಿ ಬಟ್ಟಲನ್ನು ನೆಕ್ಕುತ್ತ ನೆಕ್ಕುತ್ತ ಅಂಗಳದ ಈ ಮೂಲೆಯಿಂದ ಆ ಮೂಲೆಗೆ ತಳ್ಳಿಕೊಂಡು ಹೋಗುತ್ತಿತ್ತು. ಅವನು ಎದೆ ಕಲ್ಲು ಮಾಡಿಕೊಂಡು ನೋಡುತ್ತಿದ್ದ.

ವಾರಕ್ಕೊಮ್ಮೆ, ಸೋಮವಾರ, ತೂಗುವುದೆಂದಾಗಿತ್ತು. ಆ ಸೋಮವಾರ ತೂಗಿದರು. ಕುಂಬಳ ಕದಲಲಿಲ್ಲ.

“ಹೊಟ್ಟೆ ಮರೀದು, ಸಾಕು ಅನ್ನಬೇಕಾದೋನು ನೀನು. ನಡುವೆ ಈ ಚಮಚ ಯಾಕೆ ಬಂತು?” ಎಂದು ಕೇಳಿದರು ಬುದ್ಧಿಯವರು.

“ಮತ್ತೆ ನನಗೆ ಹೆಂಗೆ ಗೊತ್ತಾಗಬೇಕು? ಅದಕ್ಕೆ ಮಾತು ಬರಲ್ಲ.”

“ಅದರ ಎತ್ತರಕ್ಕೆ ಇಳಿದು ಕೇಳಿದೀಯಾ?”

ಸಿದ್ಧಮಲ್ಲ ಮರಿ ಉಣ್ಣುವಾಗ ಅಂಗಳದಲ್ಲಿ ಬೋರಲು ಮಲಗತೊಡಗಿದ. ಗದ್ದ ನೆಲಕ್ಕೆ, ಮೂಗು ಬಟ್ಟಲಿಗೆ. ಮಠಕ್ಕೆ ಬಂದ ಭಕ್ತರು ಮೊದಲು ಅವನಿಗೆ ಅಡ್ಡಬಿದ್ದು, ಆಮೇಲೆ ನಗುತ್ತಿದ್ದರು. ಇದು ಯಾವ ಆಸನ ಎಂದು ಒಬ್ಬರು ಭಕ್ತಿಯಿಂದಲೇ ಕೇಳಿದರು.

ನಾಲ್ಕನೆಯ ದಿನ ಅವನು ಓಡಿ ಬಂದ. ಗದ್ದದಲ್ಲಿ ಮಣ್ಣು.

“ಬುದ್ಧಿ, ಅದು ಸಾಕು ಅನ್ನುತ್ತೆ! ಬಾಲದಲ್ಲಿ ಅನ್ನುತ್ತೆ! ಉಣ್ತಾ ಉಣ್ತಾ ಬಾಲ ಆಡ್ತಿರುತ್ತೆ. ಆಮೇಲೆ ಬಾಲ ನಿಲ್ಲುತ್ತೆ, ಬಾಯಿ ಮಾತ್ರ ನಿಲ್ಲಲ್ಲ. ಅಲ್ಲಿಗೆ ಬಟ್ಟಲು ತೆಗೀಬೇಕು!”

ಬುದ್ಧಿಯವರು ಅವನ ಗದ್ದದ ಮಣ್ಣು ಒರೆಸಿ, “ಹೋಗು, ಇನ್ನೊಂದ್ ಹೊತ್ತಿನ ಗಂಜಿ ಆಗಬೇಕಲ್ಲ,” ಅಂದರು.

ಮೊಟ್ಟೆಯ ಸರದಿ ಬಂತು. ಸಾಕಮ್ಮ ಬೇಯಿಸಿ ಗೋಡೆಯಾಚೆಯಿಂದ ಕೂಗಿದಳು. ಸಿದ್ಧಮಲ್ಲ ಕೈ ಹಿಂದೆ ಕಟ್ಟಿಕೊಂಡು ನಿಂತ.

“ಬುದ್ಧಿ, ಮಠದ ಮರಿಗೆ ಮೊಟ್ಟೆಯಾ?”

“ಯಾಕೆ, ನೀನೇನಾದ್ರೂ ಅದಕ್ಕೆ ದೀಕ್ಷೆ ಕೊಟ್ಟಿದೀಯಾ?”

ಅವನು ಮರಿಯನ್ನು ಎತ್ತಿಕೊಂಡು ಸಾಕಮ್ಮನ ಜಗಲಿಗೆ ಹೋದ. ಮೊದಲ ದಿನ ಮುಖ ಆಚೆ ತಿರುಗಿಸಿಕೊಂಡು ತಿನ್ನಿಸಿದ. ಹಾಗೆ ತಿರುಗಿದರೆ ಬಾಲ ಕಾಣುವುದಿಲ್ಲವಲ್ಲ. ಎರಡನೆಯ ದಿನದಿಂದ ನೆಟ್ಟಗೆ ನೋಡಿಕೊಂಡೇ ತಿನ್ನಿಸಿದ.

ಮರಿ ಮೈ ತುಂಬಿಕೊಂಡಿತು. ಪಕ್ಕೆಲುಬು ಮುಚ್ಚಿಕೊಂಡವು. ಕೂದಲಿಗೆ ಹೊಳಪು ಬಂತು. ಬುದ್ಧಿಯವರ ಪಾದುಕೆಯಲ್ಲಿ ಒಂದನ್ನು ಕಚ್ಚಿ ಹಾಳುಮಾಡಿತು.

ನಡುವೆ ಒಂದು ಸೋಮವಾರ ಸಿದ್ಧಮಲ್ಲ ಒಂದು ಕಳ್ಳಾಟ ಆಡಿದ. ತೂಗುವ ಮೊದಲು ಮರಿಗೆ ಬಟ್ಟಲು ತುಂಬ ನೀರು ಕುಡಿಸಿದ. ಕುಂಬಳ ಸ್ವಲ್ಪ ಮೇಲೆದ್ದ ಹಾಗೆ ಕಂಡಿತು.

“ನೋಡಿ ಬುದ್ಧಿ! ಇನ್ನೇನು ಸಮ ಬಂತು!”

“ತಡಿ, ಅವಸರ ಏನು,” ಎಂದು ಬುದ್ಧಿಯವರು ಕೂತರು.

ಮರಿ ತಟ್ಟೆಯಲ್ಲೇ ಕುಕ್ಕರಿಸಿ ಉಚ್ಚೆ ಹೊಯ್ದಿತು.

“ಈಗ ತೂಗು,” ಅಂದರು.

ದಾಸೋಹಕ್ಕೆ ಒಂದು ದಿನ ಪೊರಕೆ ಮಾರುವ ಹೆಂಗಸು ಬಂದಳು. ದೂರದಿಂದ ನಡೆದು ಬಂದಿದ್ದಳು. ಎರಡನೆಯ ಸಲ ಅನ್ನ ಬಡಿಸಲು ಹೋದಾಗ ಕೈ ಅಡ್ಡ ಹಿಡಿದು, “ಸಾಕು ಸ್ವಾಮಿ,” ಅಂದಳು.

ಸಿದ್ಧಮಲ್ಲ ಸೌಟು ಹಿಂದಕ್ಕೆ ತೆಗೆದ. ತೆಗೆದವನು ನಿಂತ. ಅಂದದ್ದು ಬಾಯಿ. ಅವಳ ಇನ್ನೊಂದು ಕೈಯ ಬೆರಳುಗಳು ಎಲೆಯ ಅಂಚಿನ ಸಾರನ್ನು ಇನ್ನೂ ಬಳಿಯುತ್ತಿದ್ದವು.

ಅವನು ಅವಳ ಕೈ ತಪ್ಪಿಸಿ ಅನ್ನ ಹಾಕಿದ. ಅವಳು ಬೇಡ ಅನ್ನಲಿಲ್ಲ. ಮತ್ತೆ ಹಾಕಿದ. ಮೂರು ಸಲ ಹಾಕಿಸಿಕೊಂಡಳು. ಎದ್ದು ಹೋಗುವಾಗ ಒಂದು ಪೊರಕೆಯನ್ನು ಬಾಗಿಲ ಹಿಂದೆ ಒರಗಿಸಿ ಹೋದಳು.

ಸಿದ್ಧಮಲ್ಲ ಬುದ್ಧಿಯವರ ಹತ್ತಿರ ಬಂದು ತಲೆ ತಗ್ಗಿಸಿದ.

“ಇವತ್ತು ಕಟ್ಟಳೆ ಮುರಿದೆ ಬುದ್ಧಿ.”

“ನಾನೂ ಇಲ್ಲೇ ಕೂತಿದ್ದೆ. ಮುರಿದ ಸದ್ದೇನೂ ಕೇಳಿಸಲಿಲ್ಲಪ್ಪ.”

ಹೀಗೆ ಎರಡು ತಿಂಗಳು ಕಳೆದವು. ಬೆಳಗ್ಗೆ ಗಂಜಿ, ಆಮೇಲೆ ಸಾಕಮ್ಮನ ಜಗಲಿ, ಮಧ್ಯಾಹ್ನ ಪಂಕ್ತಿ, ಸಂಜೆ ಹೊಳೆಯ ಮರಳಿನಲ್ಲಿ ಮರಿಯ ಜೊತೆ ಓಟ. ಸೋಮವಾರಗಳು ಬಂದವು, ಹೋದವು. ತಕ್ಕಡಿ ಉಗ್ರಾಣದ ಮೂಲೆ ಸೇರಿತು.

ಒಂದು ಮಧ್ಯಾಹ್ನ ಬುದ್ಧಿಯವರು ಉಣ್ಣುತ್ತ ಕೇಳಿದರು.

“ಮಜ್ಜಿಗೆಹುಳಿ ಬಲು ರುಚಿಯಾಗದೆ. ಏನು ಹಾಕಿದೀಯಪ್ಪಾ?”

“ಬೂದುಗುಂಬಳ ಬುದ್ಧಿ.”

“ಯಾವ ಬೂದುಗುಂಬಳ?”

“ಅದೇ, ಉಗ್ರಾಣದ ತೊಲೆಗೆ...”

ಸಿದ್ಧಮಲ್ಲ ಹಿಡಿದಿದ್ದ ಸೌಟನ್ನು ಕೆಳಗಿಟ್ಟ. ಬೆಳಗ್ಗೆ ತಾನೇ ಇಳಿಸಿ, ತಾನೇ ಹೆಚ್ಚಿ, ತಾನೇ ಒಲೆಗೆ ಇಟ್ಟಿದ್ದ. ಆಗ ಅವನಿಗೆ ಅದು ಬರೀ ಕುಂಬಳವಾಗಿ ಕಂಡಿತ್ತು.

“ಅಯ್ಯೋ ಬುದ್ಧಿ! ಇನ್ನು ಮರೀನ ಯಾವುದರ ಸಮ ತೂಗೋದು?”

ಬುದ್ಧಿಯವರು ಬಾಗಿಲ ಕಡೆ ನೋಡಿದರು. ಹೊಸಿಲಿನ ಆಚೆ ಮರಿ ಅಂಗಾತ ಮಲಗಿ, ಗುಂಡನೆಯ ಹೊಟ್ಟೆಯನ್ನು ಬಿಸಿಲಿಗೆ ಒಡ್ಡಿತ್ತು. ನಿದ್ದೆಯಲ್ಲೇ ಒಂದು ಸಲ ಬಾಲ ಆಡಿಸಿತು.

ಸಿದ್ಧಮಲ್ಲನೂ ಅದನ್ನು ನೋಡಿದ. ನೋಡಿ ನೋಡಿ ಅವನಿಗೆ ನಗು ಬಂತು. ಜೋರಾಗಿ ನಕ್ಕ. ಎಷ್ಟೋ ದಿನದಿಂದ ತಾನು ಯಾವುದಕ್ಕೂ ಕಾಯುತ್ತಿರಲಿಲ್ಲ ಎಂದು ಅವನಿಗೆ ಆಗಲೇ ತಿಳಿದದ್ದು.

ನಗುತ್ತಲೇ ಪಾಯಸದ ಗುಂಡಾ ತಂದ. ಒಂದು ಸೌಟು ಬಡಿಸಿದ. ಬುದ್ಧಿಯವರು ಉಂಡು, ಎಲೆಗೆ ಕೈ ಅಡ್ಡ ಹಿಡಿದರು.

“ಸಾಕು,” ಅಂದರು.

ಸಿದ್ಧಮಲ್ಲ ಗುಂಡಾ ಎತ್ತಲಿಲ್ಲ. ಅಡ್ಡ ಹಿಡಿದ ಕೈಯನ್ನು ನೋಡಿದ. ಗುಂಡಾದ ಒಳಗೇ ನೆಟ್ಟಿದ್ದ ಗುರುಗಳ ಕಣ್ಣನ್ನೂ ನೋಡಿದ. ಕೈ ಪಕ್ಕದಿಂದ ಇನ್ನೊಂದು ಸೌಟು ಪಾಯಸ ಇಳಿಸಿದ.

ಬುದ್ಧಿಯವರು ಅದನ್ನು ಸೊರ್ರನೆ ಸುರಿದುಕೊಂಡು, ಬೆರಳು ನೆಕ್ಕಿದರು.

“ಬುದ್ಧಿ, ಕುಂಬಳ ಅಂತೂ ಹೊಟ್ಟೆಗೆ ಹೋಯ್ತು,” ಅಂದ ಸಿದ್ಧಮಲ್ಲ. “ಹೇಳ್ತೀನಿ ಅಂದಿದ್ದ ಮಾತು?”

“ಈಗ ತಾನೆ ಹೇಳಿದ್ನಲ್ಲಪ್ಪ. ನೀನೂ ಸರಿಯಾಗೇ ಕೇಳಿಸ್ಕೊಂಡೆ, ಇನ್ನೊಂದ್ ಸೌಟು ಬಡಿಸ್ದೆ.”