ಮೊತುಲೋತೊದ ಬೈಗುಳದ ಗುಂಡಿ

ಒಂಬತ್ತು ಹವಳದ್ವೀಪಗಳ ತುವಾಲು ದೇಶದಲ್ಲಿ ಬೆಟ್ಟವಿಲ್ಲ, ನದಿಯಿಲ್ಲ. ಅತಿ ಎತ್ತರದ ನೆಲವೂ ಕಡಲಿನಿಂದ ಮೂರಾಳೆತ್ತರ ಮೀರುವುದಿಲ್ಲ. ಸುರಿದ ಮಳೆ ಮರಳಿನಲ್ಲಿ ಇಂಗಿ, ಅಡಿಯ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತದೆ. ಆ ಸಿಹಿನೀರು ಸಿಗುವವರೆಗೆ ತೋಡಿದ ಗುಂಡಿಗಳಲ್ಲಿ ಪುಲಾಕವೆಂಬ ದೈತ್ಯ ಕೆಸುವಿನ ಗೆಡ್ಡೆ ಬೆಳೆಯುತ್ತದೆ.

ದ್ವೀಪಗಳಿಗೆ ಮನುಷ್ಯರು ಇನ್ನೂ ಹೆಸರಿಡುತ್ತಿದ್ದ ಕಾಲದಲ್ಲಿ, ಮೊತುಲೋತೊ ಎಂಬ ನಡುಗಡ್ಡೆಯಲ್ಲಿ ಇದ್ದದ್ದು ಒಂದೇ ಗುಂಡಿ. ಪುವಾಕೆನಾ ಎಂಬ ಮುದಿ ವಿಧವೆಯೊಬ್ಬಳ ಅಜ್ಜಿ ಅದನ್ನು ತೋಡಿದ್ದಳು. ಮೂರು ತಲೆಮಾರಿನ ಹೆಂಗಸರು ಎಲೆಗೊಬ್ಬರ ಹೊತ್ತು ಅದನ್ನು ಸಾಕಿದ್ದರು. ಊರಿನ ಅನ್ನ ಅಲ್ಲಿತ್ತು.

ಒಂದು ಔತಣಕ್ಕೆ ನೆರೆದ್ವೀಪದವರು ತಂದ ಗೆಡ್ಡೆ ತನ್ನೂರಿನದಕ್ಕಿಂತ ದಪ್ಪನಾಗಿದ್ದುದನ್ನು ಕಂಡು ಮುಖ್ಯಸ್ಥ ಲೋತಾಲನ ಹೊಟ್ಟೆಗೆ ಕಿಚ್ಚು ಬಿತ್ತು. ಗುಂಡಿ ಆಳವಾದಷ್ಟೂ ಗೆಡ್ಡೆ ಬೆಳೆದೀತೆಂದು ಆಳುಗಳನ್ನು ಇಳಿಸಿದ. ಪುವಾಕೆನಾ ಅಡ್ಡ ನಿಂತು, ನೀರು ಕಂಡಲ್ಲಿ ಅಗೆತ ನಿಲ್ಲಬೇಕು, ಅದರ ಕೆಳಗಿರುವುದು ಕಡಲು ಎಂದು ಬಿಡಿಸಿ ಹೇಳಿದಳು.

"ಕಡಲು ಆಚೆ ಇದೆ ಅಜ್ಜಿ," ಎಂದ ಲೋತಾಲ. "ಇಷ್ಟು ವಯಸ್ಸಾದರೂ ಕಣ್ಣಿಗೆ ಬೀಳಲಿಲ್ಲವೇ?"

ಆಳುಗಳು ನಕ್ಕು ಅಗೆದರು. ಮೂರನೆಯ ದಿನ ಉಪ್ಪುನೀರು ಮೇಲೆದ್ದಿತು. ಎಲೆಗಳು ಸುಟ್ಟಂತೆ ಕಂದಿದವು, ಗೆಡ್ಡೆಗಳು ಕೊಳೆತವು. ಲೋತಾಲ ಇದು ನೀರಿನ ದೇವತೆಯ ಮುನಿಸೆಂದು ಸಾರಿ, ಹೂಮಾಲೆ ತಂದು ನೀರಿಗೆ ಬಿಟ್ಟ.

ಪುವಾಕೆನಾಳ ಮೈಯೆಲ್ಲ ಉರಿಯಿತು. ಮಾಲೆಯನ್ನು ಎತ್ತಿ ಅವನ ಕಾಲಬುಡಕ್ಕೆ ಎಸೆದಳು. ಅಗೆದು ಗುಡ್ಡೆ ಹಾಕಿದ್ದ ಮರಳನ್ನು ಒಂಟಿಯಾಗಿ, ಬುಟ್ಟಿ ಬುಟ್ಟಿಯಾಗಿ, ಮರಳಿ ಗುಂಡಿಗೆ ಸುರಿಯತೊಡಗಿದಳು. ಒಂದೊಂದು ಬುಟ್ಟಿಗೂ ಲೋತಾಲನನ್ನು ಬೈದಳು, ನಕ್ಕವರನ್ನು ಬೈದಳು, ಎಲ್ಲ ನೋಡಿಯೂ ಸುಮ್ಮನಿದ್ದ ನೀರಿನ ದೇವತೆಯನ್ನೂ ಬಿಡಲಿಲ್ಲ. ಹಳೆಯ ಮಟ್ಟಕ್ಕೆ ಗುಂಡಿ ತುಂಬಿ, ಎರಡು ಮಳೆಗಾಲ ಕಳೆದ ಮೇಲೆ ನೀರು ಸಿಹಿಯಾಯಿತು. ಆಗ ದೇವತೆ ನುಡಿದಳು:

"ಮಗಳೇ, ಕೊಂದವನೇ ನನಗೆ ಹೂವು ತಂದ. ನಿನ್ನ ಕೋಪ ನನ್ನನ್ನು ಬದುಕಿಸಿತು. ಇಲ್ಲಿ ಅದೇ ಪೂಜೆಯಾಗಲಿ. ನೀರು ಉಪ್ಪಾದಾಗಲೆಲ್ಲ ಹೆಣ್ಣುಮಕ್ಕಳು ಬೈಯಲಿ, ಮುಖ್ಯಸ್ಥ ಎದುರಾಡದೆ ಕೇಳಲಿ."

ಇಂದಿಗೂ ವರ್ಷದ ಅತಿ ದೊಡ್ಡ ಉಬ್ಬರದ ದಿನ ಹೆಂಗಸರು ಗುಂಡಿಗಿಳಿದು ನೀರಿನ ರುಚಿ ನೋಡುತ್ತಾರೆ. ಮುಖ್ಯಸ್ಥ ದಂಡೆಯ ಮೇಲೆ ತಲೆ ತಗ್ಗಿಸಿ ಕೂರುತ್ತಾನೆ. ಈಚಿನ ವರ್ಷಗಳಲ್ಲಿ ಯಾರೂ ಅಗೆಯದೆಯೇ ಕಡಲು ನೆಲದಡಿಯಿಂದ ಏರುತ್ತಿದೆ, ನೀರು ಉಪ್ಪಾಗುತ್ತಿದೆ. ಇದು ಈ ಮುಖ್ಯಸ್ಥನ ಕೆಲಸವಲ್ಲವೆಂದು ಅವರಿಗೆ ಗೊತ್ತು. ಹಾಗಾಗಿ ಅವನನ್ನೂ ಎಬ್ಬಿಸಿ ತಮ್ಮ ಸಾಲಿನಲ್ಲಿ ನಿಲ್ಲಿಸಿಕೊಂಡು, ದೊಡ್ಡ ಹಡಗುಗಳು ಹೊಗೆಯುಗುಳುತ್ತ ಸಾಗುವ ದಿಕ್ಕಿಗೆ ಮುಖ ಮಾಡಿ ಬೈಯುತ್ತಾರೆ.