ಮುಟ್ಟಿ ನೋಡದ ಕೈ

"ಗುರುಗಳೇ, ನಾನು ಆಡಿದ ಮಾತನ್ನೆಲ್ಲ ತಂದು ನಿಮ್ಮ ಮುಂದೆ ಏಕೆ ಒಪ್ಪಿಸಬೇಕು?" ಎಂದು ಮಂದಾಕಿನಿ ಕೇಳಿದಳು. "ಆರು ವರ್ಷದಿಂದ ಜನರ ಸಂಕಟ ಕೇಳುತ್ತಿದ್ದೇನೆ. ಇನ್ನೂ ನನಗೆ ಕಾವಲು ಬೇಕೇ?"

ಮಂದಾಕಿನಿ ಆಪ್ತಸಮಾಲೋಚಕಿ. ತಂದೆಯನ್ನು ಬಿಟ್ಟು ಬಂದ ಮಕ್ಕಳು, ಮಕ್ಕಳ ಮುಖ ನೋಡದ ತಾಯಂದಿರು, ಒಂದೇ ಬೀದಿಯಲ್ಲಿದ್ದೂ ಮಾತು ಬಿಟ್ಟ ಅಣ್ಣತಮ್ಮಂದಿರು ಅವಳ ಬಳಿಗೆ ಬರುತ್ತಿದ್ದರು. ಈ ವಿದ್ಯೆಯನ್ನು ಅವಳಿಗೆ ಕಲಿಸಿದವರು ಗುರುಗಳು. ಅವರಲ್ಲಿ ಎರಡು ನಿಯಮಗಳಿದ್ದವು. ಕಲಿಯಲು ಬಂದವರು ಮೊದಲ ದಿನ ತಮ್ಮ ಸ್ವಂತ ಮನೆಯ ಕತೆಯನ್ನು ಹೇಳಬೇಕು. ಕಲಿತು ಹೋದವರು ಹದಿನೈದು ದಿನಕ್ಕೊಮ್ಮೆ ಬಂದು, ತಮ್ಮಲ್ಲಿಗೆ ಬಂದವರಿಗೆ ಏನು ಹೇಳಿದೆವೆಂಬುದನ್ನು, ಅವರ ಹೆಸರು ಬಿಟ್ಟು, ಒಪ್ಪಿಸಬೇಕು. ಮಂದಾಕಿನಿ ಐದು ತಿಂಗಳಿಂದ ಆ ಕಡೆ ತಲೆ ಹಾಕಿರಲಿಲ್ಲ. ಈಗಲೂ ಗುರುಗಳು ಹೇಳಿ ಕಳುಹಿಸಿದ್ದರಿಂದ ಬಂದಿದ್ದಳು.

"ಕೈಯಲ್ಲಿರುವ ಕಾಗದ ಯಾವುದು?" ಎಂದರು ಗುರುಗಳು.

"ಒಬ್ಬ ಹೆಣ್ಣುಮಗಳದು. ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ಅಪ್ಪನ ಮನೆ ಬಿಟ್ಟು ಒಂಬತ್ತು ವರ್ಷವಾಯಿತು. ಈಗ ಆ ಅಪ್ಪ ಭಾನುವಾರ ಬಂದು ನೋಡಲೇ ಎಂದು ಹೇಳಿ ಕಳುಹಿಸಿದ್ದಾನೆ. ಅಪ್ಪನ ಮಾತು ತೆಗೆದರೆ ಅವಳು ಸುಮ್ಮನಾಗುತ್ತಾಳೆ. ಅವಳು ಹೇಳಬೇಕಾಗಿಯೂ ಇಲ್ಲ, ಅಂಥ ಅಪ್ಪಂದಿರು ನನಗೆ ಗೊತ್ತು. 'ಏನು ಉತ್ತರ ಕೊಡಲಿ ಅಕ್ಕಾ, ನೀವೇ ಬರೆದುಕೊಡಿ, ಸಹಿ ಹಾಕ್ತೀನಿ' ಎಂದಳು. ಬರೆದಿದ್ದೇನೆ. ನಾಳೆ ಸಹಿ ಹಾಕುತ್ತಾಳೆ."

"ಓದು."

ಮಂದಾಕಿನಿ ಓದಿದಳು. "ಉಣ್ಣುತ್ತಿದ್ದ ಮಗಳ ತಟ್ಟೆಯನ್ನು ಅಂಗಳಕ್ಕೆ ಎಸೆದ ಕೈ ನಿಮ್ಮದು. ಆ ಕೈ ನನ್ನ ಬಾಗಿಲು ತಟ್ಟುವುದು ಬೇಡ. ನನಗೆ ಅಪ್ಪನಿಲ್ಲ ಎಂದುಕೊಂಡಿದ್ದೇನೆ. ನಿಮಗೂ ಮಗಳಿಲ್ಲ ಎಂದುಕೊಳ್ಳಿ."

ಗುರುಗಳ ಮುಖ ಕೆಂಪಾಯಿತು. ಅವರು ಸಿಟ್ಟಿನ ಮನುಷ್ಯ, ಅದನ್ನು ಮುಚ್ಚಿಡುವ ಅಭ್ಯಾಸವೂ ಇರಲಿಲ್ಲ. "ಕೂತುಕೋ" ಎಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಮೂಳೆ ಕಟ್ಟುವವನೊಬ್ಬನಿದ್ದ. ಕೈ ಮುರಿದವರು, ಕಾಲು ಮುರಿದವರು ಏಳು ಹಳ್ಳಿಗಳಿಂದ ಅವನ ಜಗಲಿಗೆ ಬರುತ್ತಿದ್ದರು.

ಅವನಿಗೆ ಅವನ ಗುರು ಒಂದು ಕ್ರಮ ಕಲಿಸಿದ್ದ. ಕೈ ಮುರಿದುಕೊಂಡು ಬಂದವರ ಮುರಿಯದ ಕೈಯನ್ನು ಮೊದಲು ಮುಟ್ಟಬೇಕು. ಕಣ್ಣು ಮುಚ್ಚಿಕೊಂಡು ಭುಜದಿಂದ ಬೆರಳ ತುದಿಯವರೆಗೆ ಸವರಬೇಕು. ಆ ಮನುಷ್ಯನ ಕೈ ಹುಟ್ಟಿನಿಂದ ಹೇಗಿತ್ತು ಎಂಬುದು ಆ ಇನ್ನೊಂದು ಕೈಗೆ ಮಾತ್ರ ಗೊತ್ತು. ಅದನ್ನು ತಿಳಿದುಕೊಂಡು, ಮುರಿದ ಕೈಯನ್ನು ಅದಕ್ಕೆ ಜೋಡಿಯಾಗುವಂತೆ ಕೂಡಿಸಿ, ಬಿದಿರಿನ ದಬ್ಬೆ ಇಟ್ಟು ಕಟ್ಟಬೇಕು.

ಆ ಸೀಮೆಯಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಅಮಾವಾಸ್ಯೆಗೊಮ್ಮೆ ಮೂಳೆ ಕಟ್ಟುವವರೆಲ್ಲ ಆ ಮುದಿ ಗುರುವಿನ ಮನೆಯಲ್ಲಿ ಸೇರುತ್ತಿದ್ದರು. ಪ್ರತಿಯೊಬ್ಬನೂ ತಾನು ಕಟ್ಟು ಹಾಕಿದ ಒಬ್ಬರನ್ನು ಕರೆತರಬೇಕು. ಗುರು ಎಲ್ಲರೆದುರು ಆ ಕಟ್ಟು ಬಿಚ್ಚಿ, ಮುಟ್ಟಿ ನೋಡಿ, ತಪ್ಪಿದ್ದರೆ ತಿದ್ದಿ ಮತ್ತೆ ಕಟ್ಟುತ್ತಿದ್ದ. ಮೂಳೆ ಗಟ್ಟಿಯಾಗಿ ಕೂಡುವ ಮೊದಲು ತಿದ್ದುವುದು ಕಷ್ಟವಲ್ಲ.

ನೂರು ಜನರಿಗೆ ಕಟ್ಟಿದ ಮೇಲೆ ಈ ಮಹಾನುಭಾವ ಇನ್ನೊಂದು ಕೈ ಮುಟ್ಟುವುದನ್ನು ಬಿಟ್ಟ. ತನ್ನ ಬೆರಳುಗಳಿಗೆ ಎಲ್ಲವೂ ಗೊತ್ತು ಎಂದ. ಅವನ ಬೆರಳುಗಳಿಗೆ ಗೊತ್ತಿದ್ದದ್ದು ಒಂದೇ ಕೈ, ಅವನದೇ ಕೈ. ಚಿಕ್ಕಂದಿನಲ್ಲಿ ಅವನು ಹುಣಸೆಮರದಿಂದ ಬಿದ್ದು ಬಲಗೈ ಮುರಿದುಕೊಂಡಿದ್ದ. ಯಾರೋ ಅವಸರದಲ್ಲಿ ಕಟ್ಟಿದ್ದರು. ಮೊಣಕೈಯ ಕೆಳಗೆ ಅದು ಕೂದಲೆಳೆಯಷ್ಟು ಹೊರಕ್ಕೆ ವಾಲಿ ಕೂಡಿತ್ತು. ನೋಡಿದವರಿಗೆ ಕಾಣುತ್ತಿರಲಿಲ್ಲ, ಅವನಿಗೂ ಮರೆತುಹೋಗಿತ್ತು. ಈಗ ಅವನು ಕಟ್ಟಿದ ಪ್ರತಿಯೊಂದು ಕೈಯೂ ಹಾಗೆಯೇ ವಾಲತೊಡಗಿತು.

ಅವನ ಕೈ ವಾಲಿದ್ದಕ್ಕೆ ನನಗೆ ಸಿಟ್ಟಿಲ್ಲ. ಅದು ಹುಡುಗನ ಗ್ರಹಚಾರ. ಅವನು ಅಮಾವಾಸ್ಯೆಗೆ ಹೋಗುವುದನ್ನೂ ಬಿಟ್ಟನಲ್ಲ, ನನ್ನ ಸಿಟ್ಟು ಅಲ್ಲಿಂದ ಶುರು. "ನಾನ್ ಕಟ್ಟಿದ್ ಕಟ್ಟು ಬಿಚ್ಚೋಕೆ ಆ ಮುದುಕ ಯಾರು?" ಎಂದು ಊರೆಲ್ಲ ಹೇಳಿಕೊಂಡು ತಿರುಗಿದ. ಹೊರೆ ಹೊರುವವರಿಗೆ, ಗುದ್ದಲಿ ಹಿಡಿಯುವವರಿಗೆ ಕೂದಲೆಳೆಯ ವ್ಯತ್ಯಾಸ ತಿಳಿಯಲಿಲ್ಲ. ಯಾರೂ ದೂರಲಿಲ್ಲ. ಅವನ ಜಂಬ ಬೆಳೆಯಿತು.

ಒಂದು ದಿನ ಬಟ್ಟೆ ನೇಯುವ ಹೆಂಗಸೊಬ್ಬಳು ಬಂದಳು. ಬಾವಿಕಟ್ಟೆಯ ಪಾಚಿಯ ಮೇಲೆ ಜಾರಿ ಬಲಗೈ ಮುರಿದುಕೊಂಡಿದ್ದಳು. ಆ ಕೈ ಮಗ್ಗದ ಮೇಲೆ ಆಡಿದರೆ ಅವಳಿಗೆ ಅನ್ನ. ಮೂಳೆ ಕಟ್ಟುವವರ ಕ್ರಮ ಅವಳಿಗೂ ಗೊತ್ತಿತ್ತು. ತಾನಾಗಿಯೇ ಎಡಗೈ ಚಾಚಿದಳು. ಅವನು ಅದನ್ನು ಮುಟ್ಟದೆಯೇ ಬಲಗೈಗೆ ಕಟ್ಟು ಹಾಕಿದ.

ಒಂದೂವರೆ ತಿಂಗಳಿಗೆ ಕಟ್ಟು ಬಿಚ್ಚಿದರು. ಅವಳು ಮಗ್ಗದಲ್ಲಿ ಕೂತು ಲಾಳಿ ಎಸೆದಳು. ಲಾಳಿ ಓರೆಯಾಗಿ ಹೋಗಿ ಹಾಸಿನ ಎಳೆಗಳನ್ನು ಹರಿಯಿತು. ಎಳೆ ಕೂಡಿಸಿ ಮತ್ತೆ ಎಸೆದಳು. ಮತ್ತೆ ಹರಿಯಿತು. ಎಂಟು ದಿನ ಹೆಣಗಿ ಅವಳು ಅವನ ಜಗಲಿಗೆ ಬಂದಳು.

ಅವನು ತನ್ನ ತೋಳು ಚಾಚಿ ತೋರಿಸಿದ. "ನನ್ ಕೈನೂ ಹಿಂಗೇ ಐತೆ. ನಾನ್ ಬದುಕಿಲ್ವಾ? ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ" ಎಂದ. ಜಗಲಿಯ ಮೇಲಿದ್ದವರು ನಕ್ಕರು. ಮುರಿದುಕೊಂಡು ಬಂದವಳು ಅವಳು, ಡೊಂಕಾಗಿ ಕೂಡಿಸಿದವನು ಇವನು, ನಗೆಪಾಟಲಾದವಳು ಮತ್ತೆ ಅವಳೇ. ಈ ಕತೆಯನ್ನು ಎಷ್ಟು ಸಲ ಹೇಳಿದರೂ ಈ ಜಾಗದಲ್ಲಿ ನನಗೆ ಮೈ ಉರಿಯುತ್ತದೆ.

ಅವಳು ಅಮಾವಾಸ್ಯೆಯ ದಿನ ಒಬ್ಬಳೇ ಮುದಿ ಗುರುವಿನ ಮನೆಗೆ ಹೋದಳು. ಅವನು ಎರಡೂ ಕೈಗಳನ್ನು ಮುಟ್ಟಿ ನೋಡಿದ. "ತಪ್ಪಾಗಿ ಕೂಡೈತೆ ಕಣವ್ವ. ನೆಟ್ಟಗಾಗ್ಬೇಕು ಅಂದ್ರೆ ಮತ್ತೆ ಮುರೀಬೇಕು" ಎಂದ.

ಅವಳು ಬಲಗೈ ಚಾಚಿದಳು. "ಮುರೀರಿ" ಎಂದಳು.

ಗುರು ಜನ ಕಳುಹಿಸಿ ಮೂಳೆ ಕಟ್ಟುವವನನ್ನು ಕರೆಸಿದ. ಬೈಯಲಿಲ್ಲ. ಅವಳ ಎಡಗಡೆ ಕೂರಿಸಿ, ಆ ಎಡಗೈಯನ್ನು ಗಟ್ಟಿಯಾಗಿ ಹಿಡಿದುಕೋ ಎಂದಷ್ಟೇ ಹೇಳಿದ. ಅವನು ಹಿಡಿದುಕೊಂಡ. ಗುರು ಬಲಗೈಯ ಮೂಳೆಯನ್ನು ಮುರಿದ. ಅವಳು ಕೂಗಲಿಲ್ಲ. ಮುರಿಯದ ಕೈ ಮಾತ್ರ ಅವನ ಬೆರಳುಗಳನ್ನು ಬಿಗಿಯಾಗಿ ಹಿಸುಕಿತು. ಅದು ನೆಟ್ಟಗಿತ್ತು. ಎರಡು ತಿಂಗಳ ಹಿಂದೆ ಅವಳಾಗಿ ಚಾಚಿದ್ದ ಕೈಯನ್ನು ಅವನು ಮುಟ್ಟಿದ್ದು ಅದೇ ಮೊದಲು.

ಗುರುಗಳು ಕತೆ ನಿಲ್ಲಿಸಿದರು.

"ಅವಳ ಕೈ ನೆಟ್ಟಗಾಯಿತೇ?" ಎಂದು ಮಂದಾಕಿನಿ ಕೇಳಿದಳು.

"ನೆಟ್ಟಗಾದರೂ ನನ್ನ ಸಿಟ್ಟು ಇಳಿಯುವುದಿಲ್ಲ" ಎಂದರು ಗುರುಗಳು. "ಮೊದಲ ಸಲ ಮುರಿದದ್ದು ಪಾಚಿಯಿಂದ. ಎರಡನೆಯ ಸಲ ಮುರಿಯಬೇಕಾದದ್ದು ಅವನ ಜಂಬದಿಂದ. ಅಮಾವಾಸ್ಯೆಯ ದಿನ ಅವಳನ್ನು ಕರೆದುಕೊಂಡು ಹೋಗಿದ್ದರೆ ಸಾಕಿತ್ತು. ಇವನ ಮಾನಕ್ಕೆ ಚೂರು ಪೆಟ್ಟು, ಅವಳ ಕೈ ಉಳಿಯುತ್ತಿತ್ತು."

ಮಂದಾಕಿನಿಗೂ ಸಿಟ್ಟು ಬಂತು. "ಹಾಗಾದರೆ ಅಪ್ಪನ ಕಾಲಿಗೆ ಬೀಳು ಎಂದು ಹೇಳಬೇಕಿತ್ತೇ? ಹೆತ್ತವರು ಏನು ಮಾಡಿದರೂ ದೇವರೇ?"

"ಹಾಗೆ ಹೇಳಿ ಮಕ್ಕಳನ್ನು ಹೆತ್ತವರ ಬಳಿಗೆ ಅಟ್ಟುವವರಿಗೂ ಇದೇ ಕತೆ ಹೇಳುತ್ತೇನೆ, ಇದಕ್ಕಿಂತ ಜೋರಾಗಿ. ಎಲ್ಲರ ಮನೆ ದೋಸೆಯೂ ತೂತೇ. ಯಾರ ಮನೆಯದು ಎಲ್ಲಿ ತೂತು ಎಂದು ಆ ಮನೆಯವರನ್ನು ಕೇಳಬೇಕು. ಭಾನುವಾರ ಬಾಗಿಲು ತೆಗೆಯುವುದೋ ಹಾಕಿಕೊಳ್ಳುವುದೋ ಅವಳಿಗೆ ಸೇರಿದ್ದು."

"ನಾನು ಬರೆದಿರುವುದೂ ಅವಳ ಮಾತನ್ನೇ" ಎಂದಳು ಮಂದಾಕಿನಿ.

ಗುರುಗಳು ಕೈ ನೀಡಿ ಕಾಗದವನ್ನು ಇಸಿದುಕೊಂಡರು. ಮೊದಲ ಸಾಲಿನ ಮೇಲೆ ಬೆರಳಿಟ್ಟು ಅವಳ ಕಡೆಗೆ ತಿರುಗಿಸಿ ಹಿಡಿದರು.

"ಅಂಗಳಕ್ಕೆ ತಟ್ಟೆ ಎಸೆದದ್ದು ನಿಮ್ಮಪ್ಪ, ಇಲ್ಲಿಗೆ ಬಂದ ಮೊದಲ ದಿನ ನೀನೇ ಹೇಳಿದ್ದೆ, ಅವಳ ಅಪ್ಪ ಏನು ಮಾಡಿದನೆಂದು ಅವಳನ್ನು ಕೇಳಿದ್ದೀಯಾ?"